ಪಟ್ಟಣವೇ ಎದ್ದುಬರುತ್ತಿದ್ದ ಗುಡ್ಡ

ಹೈದರಾಬಾದನ್ನು ನೋಡಿಬಂದೆವೆಂದು ಹೇಳುವ ನಮ್ಮ ನಾಡಿನ ಪ್ರವಾಸಿಗಳು ಸಾಮಾನ್ಯವಾಗಿ ಚಾರ್‌ಮಿನಾರಿನ ಸುತ್ತುಮೆಟ್ಟಿಲುಗಳನ್ನು ಹತ್ತಿಳಿದು, ಲಾಡ್ ಬಜಾರಿನಲ್ಲಿ ಬಳೆಗಳ ಚೌಕಾಸಿ ಮುಗಿಸಿ, ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಗಡಿಯಾರದೊಳಗಿನ ಪುಟ್ಟ ಬೊಂಬೆ ಹೊರಬಂದು ಗಂಟೆ ಬಾರಿಸುವ ಗಳಿಗೆಗಾಗಿ ಜನಜಂಗುಳಿಯಲ್ಲಿ ಕಾದು, ಕಟ್ಟಕಡೆಗೆ ಗೋಲ್ಕೊಂಡದ ಹೆಬ್ಬಾಗಿಲಿನ ಗುಮ್ಮಟದಡಿಯಲ್ಲಿ ಚಪ್ಪಾಳೆ ತಟ್ಟಿ, ಅದರ ಧ್ವನಿ ಬೆಟ್ಟದ ತುದಿಯ ಬಾರಾದರಿಯವರೆಗೆ ಮುಟ್ಟುವುದೆಂಬ ಮಾರ್ಗದರ್ಶಿಯ ಮಾತನ್ನು ಪರೀಕ್ಷಿಸಿ, ಕೃತಾರ್ಥರಾಗಿ ಹಿಂದಿರುಗುತ್ತಾರೆ. ಇವುಗಳಲ್ಲಿ ಯಾವುದೂ ನೋಡಬಾರದ್ದಲ್ಲ. ಆದರೆ ಇವೆಲ್ಲವೂ ನಗರದ ದಕ್ಷಿಣ ಮತ್ತು ಪಶ್ಚಿಮ ಪಾರ್ಶ್ವಗಳಲ್ಲಿಯೇ ಇರುವುದರಿಂದ, ಈಶಾನ್ಯದಲ್ಲಿಯೂ ನೋಡತಕ್ಕದ್ದೇನಾದರೂ ಉಂಟೆಂಬ ಸಂಶಯವೇ ಯಾರಿಗೂ ಹುಟ್ಟುವುದಿಲ್ಲ. ಕುಷಾಯಿಗೂಡವೆಂಬ ಹೆಸರು ಯಾವ ಪ್ರವಾಸದ ಪಟ್ಟಿಯಲ್ಲಿಯೂ ಕಾಣಿಸದು.

ಈ ಅಲಕ್ಷ್ಯಕ್ಕೆ ಕಾರಣವಿಲ್ಲದಿಲ್ಲ. ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಣ ಹಳ್ಳಿಯಾಗಿದ್ದ ಕುಷಾಯಿಗೂಡದ ಪಕ್ಕದಲ್ಲಿ 1967ರಲ್ಲಿ ಈಸಿಐಎಲ್ ಎಂಬ ಸರ್ಕಾರಿ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ, ಅದರ ಬೆನ್ನಿಗೇ ಅಣುವಿದ್ಯುತ್ತಿಗೆ ಬೇಕಾದ ಇಂಧನವನ್ನು ಸಿದ್ಧಪಡಿಸುವ ಎನ್‌ಎಫ್‌ಸಿಯೂ ಸ್ಥಾಪಿತವಾಗಿ, ಚೆರ್ಲಪಲ್ಲಿಯ ಕಡೆಗೆ ಕಾರ್ಖಾನೆಗಳ ಸಾಲುಗಳೆದ್ದು, ನೌಕರವರ್ಗದ ಬಡಾವಣೆಗಳು ಒಂದಕ್ಕೊಂದು ಕೂಡಿಕೊಂಡುಬಿಟ್ಟ ಮೇಲೆ, ಈ ಪ್ರದೇಶವನ್ನು ಪುರಾತನವೆಂದು ಭಾವಿಸುವುದೇ ಕಷ್ಟವಾಗಿದೆ. ಈಸಿಐಎಲ್ ಚೌರಸ್ತಾದ ಬಸ್ಸು ಆಟೋಗಳ ಗದ್ದಲದಲ್ಲಿ ನಿಂತವನಿಗೆ ಗೋಲ್ಕೊಂಡವನ್ನಾಳಿದ ಕುತುಬ್ ಶಾಹಿಗಳ ನೆನಪು ಬರುವುದು ದುಸ್ಸಾಧ್ಯವೇ ಸರಿ. ಆದರೆ ಅಲ್ಲಿಂದ ಸಿಕಂದರಾಬಾದಿನ ದಿಕ್ಕಿನಲ್ಲಿ ಮೂರು ನಾಲ್ಕು ಕಿಲೋಮೀಟರು ನಡೆದರೆ, ಮನೆಗಳ ತಾರಸಿಗಳ ಮೇಲಕ್ಕೆ, ಗಿಡಮರಗಳ ಹಂಗಿಲ್ಲದ ಬೋಳು ಮೈಯನ್ನು ತೋರುತ್ತ, ಅಖಂಡ ಶಿಲೆಯ ಗುಡ್ಡವೊಂದು ಎದ್ದು ನಿಂತಿರುವುದು ಕಾಣುತ್ತದೆ. ಶಿಖರದ ಮೇಲೆ ಬಿಳಿಯ ಕಟ್ಟಡಗಳಿವೆ. ಇದೇ ಮೌಲಾ ಅಲಿ ಗುಡ್ಡ. ಹಳೆಯ ಪಾರಸಿ ಬರೆಹಗಳ ಕೋಹ್-ಎ-ಮೌಲಾ ಅಲಿ.

ಪರದೇಶದವರು ಬಂದು ಹೈದರಾಬಾದನ್ನು ನೋಡುವ ಪದ್ಧತಿ ಬೆಳೆಯುವುದಕ್ಕೆ ಬಹುಕಾಲ ಮುಂಚೆ, ಹೈದರಾಬಾದಿನವರೇ ವರ್ಷಕ್ಕೊಂದಾವರ್ತಿ ಮನೆಮಾರುಗಳಿಗೆ ಬೀಗವಿಕ್ಕಿ, ಎತ್ತಿನ ಬಂಡಿಗಳಲ್ಲಿಯೋ ಪಲ್ಲಕ್ಕಿಗಳಲ್ಲಿಯೋ ಆನೆಯ ಅಂಬಾರಿಗಳಲ್ಲಿಯೋ ಅಥವಾ ಬರಿಗಾಲಿನಲ್ಲಿಯೋ, ತಮ್ಮ ತಮ್ಮ ಅಂತಸ್ತಿಗೆ ತಕ್ಕಂತೆ, ಮೂಸಿ ನದಿಯನ್ನು ದಾಟಿ ನೋಡಲು ಬರುತ್ತಿದ್ದ ಸ್ಥಳವೆಂದರೆ ಈ ಗುಡ್ಡ. ಇಂದಿನ ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯಲ್ಲಿರುವ ಅರಮನೆಗಳು ಆ ಕಾಲದ ಪ್ರಜೆಗೆ ನೋಡಲು ಸಿಕ್ಕುವಂಥವಾಗಿರಲಿಲ್ಲ. ಗೋಲ್ಕೊಂಡದ ಕೋಟೆಯೊಳಕ್ಕೆ ಚಪ್ಪಾಳೆ ತಟ್ಟುತ್ತ ಪ್ರವೇಶಿಸುವ ಧೈರ್ಯ ಯಾರಿಗೂ ಇದ್ದಿರಲಾರದು. ಅರಸನೂ ಆಳೂ ಒಂದೇ ಮೆಟ್ಟಿಲನ್ನು ಹತ್ತುತ್ತಿದ್ದ ಗುಡ್ಡವನ್ನು ಬಿಟ್ಟು, ಅರಸನೊಬ್ಬನೇ ಹತ್ತುತ್ತಿದ್ದುದನ್ನು ಮಾತ್ರ ನಾವು ಪರಂಪರೆಯೆಂದು ಎಣಿಸಿಕೊಂಡಿರುವುದು ವಿಚಿತ್ರವಾದ ಮಾತು.

ಗುಡ್ಡದ ಸ್ಥಳಪುರಾಣವು ಯಾಕೂತನೆಂಬ ರಾಜಸೇವಕನೊಬ್ಬನ ಕನಸಿನಿಂದ ಪ್ರಾರಂಭವಾಗುತ್ತದೆ. ಇಬ್ರಾಹೀಂ ಕುತುಬ್ ಶಾಹನ ಆಸ್ಥಾನದ ಖೋಜಾಗಳಲ್ಲೊಬ್ಬನಾದ ಈತನು ಅಸ್ವಸ್ಥನಾಗಿ ಸಮೀಪದ ಲಾಲಾಗೂಡದಲ್ಲಿ ತಂಗಿದ್ದಾಗ, ಹಿಜರಿ 986ರ, ಎಂದರೆ 1578ರ, ರಜಬ್ ಮಾಸದ ಹದಿನೇಳನೆಯ ರಾತ್ರಿ, ಹಸಿರು ಉಡುಪಿನ ಅರಬನೊಬ್ಬ ಕನಸಿನಲ್ಲಿ ಬಂದು, ಮೌಲಾ ಅಲಿಯವರು ನಿನ್ನನ್ನು ಕರೆಯುತ್ತಿದ್ದಾರೆಂದು ಹೇಳಿ ಗುಡ್ಡದ ಮೇಲಕ್ಕೆ ಕರೆದೊಯ್ದನಂತೆ. ಅಲ್ಲಿ ಪೈಗಂಬರರ ಅಳಿಯಂದಿರಾದ ಹಜರತ್ ಅಲಿಯವರು ಬಂಡೆಯೊಂದರ ಮೇಲೆ ಬಲಗೈಯನ್ನೂರಿ ಆಸೀನರಾಗಿದ್ದುದನ್ನು ಕಂಡು ಯಾಕೂತನು ಸಾಷ್ಟಾಂಗವೆರಗಿ, ಬಾಯಿ ತೆರೆಯುವಷ್ಟರಲ್ಲಿ ಎಚ್ಚರಗೊಂಡನಂತೆ. ಬೆಳಗಾದ ಮೇಲೆ ಹೋಗಿ ನೋಡಿದರೆ ಬಂಡೆಯ ಮೇಲೆ ಹಸ್ತದ ಗುರುತು ಮೂಡಿತ್ತು. ಆ ಭಾಗವನ್ನು ಕಲ್ಲಿನಿಂದ ಬಿಡಿಸಿ, ಅದೇ ಸ್ಥಾನದಲ್ಲಿ ಕಟ್ಟಿದ ಕಮಾನಿನೊಳಗೆ ಪ್ರತಿಷ್ಠಿಸಲಾಯಿತು. ದೊರೆಯೇ ಸ್ವತಃ ಬಂದು ದರ್ಶನ ಮಾಡಿದನೆಂದೂ ಹೇಳುತ್ತಾರೆ. ಇಂಥ ಕಥೆಗಳನ್ನು ಚರಿತ್ರೆಯ ತಕ್ಕಡಿಯಲ್ಲಿಟ್ಟು ತೂಗುವುದರಿಂದ ಪ್ರಯೋಜನವಿಲ್ಲ. ಕುತುಬ್ ಶಾಹಿಗಳು ಶಿಯಾ ಪಂಥದವರಾಗಿದ್ದರು, ಅಲಿಯವರ ಭಕ್ತಿ ಅವರ ರಾಜಧರ್ಮದ ಅಂಗವೇ ಆಗಿತ್ತು, ಮತ್ತು ರಾಜಧಾನಿಯ ಸುತ್ತಣ ನಿರ್ಜನ ಶಿಲಾಪ್ರದೇಶಕ್ಕೆ ಒಂದು ಪುಣ್ಯಸ್ಥಳ ಬೇಕಾಗಿತ್ತು. ಇಷ್ಟನ್ನು ಚರಿತ್ರೆ ಹೇಳಿದರೆ ಉಳಿದುದನ್ನು ಯಾಕೂತನ ಕನಸಿಗೆ ಬಿಡಬಹುದು.

ಈ ಇಬ್ರಾಹೀಂ ಕುತುಬ್ ಶಾಹನು ಕನ್ನಡಿಗರಿಗೆ ಅಪರಿಚಿತನಲ್ಲ, ಅಪರಿಚಿತನಾಗಿರಬಾರದು. ಅಣ್ಣನಾದ ಜಂಷೀದನ ಭಯದಿಂದ ಗೋಲ್ಕೊಂಡವನ್ನು ಬಿಟ್ಟೋಡಿದ ಈ ರಾಜಕುಮಾರನಿಗೆ ಸುಮಾರು ಏಳು ವರ್ಷಗಳ ಕಾಲ ಆಶ್ರಯವಿತ್ತು, ಅನ್ನವಿತ್ತು, ಜಹಗೀರನ್ನಿತ್ತು ಮರ್ಯಾದೆಯಿಂದ ಇರಿಸಿಕೊಂಡವನು ವಿಜಯನಗರದ ಅಳಿಯ ರಾಮರಾಯ. ತುಂಗಭದ್ರೆಯ ದಡದಲ್ಲಿ ಯೌವನವನ್ನು ಕಳೆದು, ತೆಲುಗು ಕಾವ್ಯದ ರುಚಿಯನ್ನು ಹತ್ತಿಸಿಕೊಂಡು, 1550ರಲ್ಲಿ ಸಿಂಹಾಸನವೇರಿದ ಇವನನ್ನು ತೆಲುಗು ಕವಿಗಳು ಮಲ್ಕಿಭರಾಮನೆಂದು ಮುದ್ದಿನಿಂದ ಕರೆದು ಕೃತಿಗಳನ್ನು ಅರ್ಪಿಸಿದರು. ಅದೇ ಇಬ್ರಾಹೀಮನು 1565ರ ಜನವರಿಯಲ್ಲಿ ರಕ್ಕಸತಂಗಡಿಯ ರಣರಂಗದಲ್ಲಿ ರಾಮರಾಯನ ವಿರುದ್ಧ ಕೂಡಿದ ಸುಲ್ತಾನರ ಪಕ್ಷದಲ್ಲಿ ನಿಂತನು. ಉಪ್ಪುಂಡ ಮನೆ ಉರಿದುಹೋಯಿತು. ತನ್ನ ಆಳ್ವಿಕೆಯುದ್ದಕ್ಕೂ ಅವನು ಕಟ್ಟುತ್ತಲೇ ಇದ್ದ. ಗೋಲ್ಕೊಂಡದ ಕೋಟೆಗೋಡೆಗಳನ್ನು ಬಲಪಡಿಸಿದವನು ಅವನು. ಹುಸೇನ್ ಸಾಗರವು ಅವನ ಕಾಲದ್ದು. ಮೂಸಿಗೆ ಅಡ್ಡಲಾದ ಪುರಾನಾಪೂಲ್ ಎಂಬ ಹಳೆಯ ಸೇತುವೆ ಮುಗಿದದ್ದು 1578ರಲ್ಲಿ, ಯಾಕೂತನಿಗೆ ಕನಸು ಬಿದ್ದ ಸಂವತ್ಸರದಲ್ಲಿಯೇ. ಹೈದರಾಬಾದ್ ನಗರವಾಗಲಿ ಅದರ ಚಾರ್‌ಮಿನಾರಾಗಲಿ ಹುಟ್ಟಲು ಆಗ ಇನ್ನೂ ಹದಿಮೂರು ವರ್ಷಗಳಿದ್ದವು; ಎಂದರೆ ಮೌಲಾ ಅಲಿಯ ಯಾತ್ರೆಯು ಆ ನಗರಕ್ಕಿಂತ ಹಿರಿಯದು.

ಯಾತ್ರೆಯ ವೈಭವ ಪರಾಕಾಷ್ಠೆಗೆ ಮುಟ್ಟಿದ್ದು ಮಾತ್ರ ಎರಡು ಶತಮಾನಗಳ ತರುವಾಯ, ಎರಡನೆಯ ಆಸಫ್ ಜಾಹ್ ನಿಜಾಮ್ ಅಲಿ ಖಾನನ ಆಳ್ವಿಕೆಯಲ್ಲಿ. 1762ರಿಂದ 1803ರವರೆಗೆ ಆಳಿದ ಈತನು ಔರಂಗಾಬಾದಿನಲ್ಲಿದ್ದ ದರ್ಬಾರನ್ನು ಹೈದರಾಬಾದಿಗೆ ತಂದು ನೆಲೆಗೊಳಿಸಿದಾಗ, ಸುನ್ನಿ ಮನೆತನದವನಾದರೂ, ಪಟ್ಟಣದ ಹಳೆಯ ಹಬ್ಬವನ್ನು ತನ್ನದಾಗಿಯೇ ಸ್ವೀಕರಿಸಿದನು. ಅಲಿಯವರ ಜನ್ಮದಿನವಾದ ರಜಬ್ 13ರಿಂದ ಹಿಡಿದು, ಹದಿನಾರರ ಗಂಧದ ಮೆರವಣಿಗೆಯೂ ಹದಿನೇಳರ ಉರುಸೂ ಮುಗಿಯುವವರೆಗೆ, ಗುಡ್ಡದ ಬುಡದಲ್ಲಿ ದಿನಗಟ್ಟಲೆ ಜನ ಬೀಡುಬಿಡುತ್ತಿದ್ದರು. ನಿಜಾಮನೂ ಅವನ ಅಂತಃಪುರವೂ ಬರುತ್ತಿದ್ದುದರಿಂದ ಅಮೀರರು ಬಾರದಿರುವಂತಿರಲಿಲ್ಲ. ಅಮೀರರು ಬಂದರೆ ಅವರ ಪರಿವಾರ, ಅಡುಗೆಯವರು, ಕುದುರೆಗಳು. ಅವರ ಹಿಂದೆ ನರ್ತಕಿಯರು, ಕವಿಗಳು, ಮಿಠಾಯಿ ಮಾರುವವರು, ಫಕೀರರು, ಜೇಬುಗಳ್ಳರು. ಗುಡಾರದಲ್ಲಿ ವರ್ಷವರ್ಷವೂ ಇರಲೊಲ್ಲದ ಶ್ರೀಮಂತರು ಗುಡ್ಡದ ಸುತ್ತ ತಂಗುವ ಮನೆಗಳನ್ನೂ ತೋಟಗಳನ್ನೂ ಕಟ್ಟಿಸಿಕೊಂಡರು. ಮೌಲಾ ಅಲಿಯ ಬೀದಿಯಲ್ಲಿ ಇಂದಿಗೂ ವಾಹನಗಳ ನಡುವೆ ಸಿಕ್ಕಿಕೊಂಡು ನಿಂತಿರುವ ಕಮಾನು ಆ ಕಾಲದ ಮೆರವಣಿಗೆಗಳು ಹಾದುಹೋದ ದಾರಿಯನ್ನು ತೋರಿಸುವ ಉಳಿಕೆ.

ಈ ಸಂಭ್ರಮಕ್ಕೆ ಬಂದವರೆಲ್ಲರೂ ಮುಸಲ್ಮಾನರೆಂದು ತಿಳಿಯಬೇಕಾದುದಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಗಳ ಕಡೆಯ ಹಳ್ಳಿಗಳಲ್ಲಿ ಮೊಹರಮ್ಮಿಗೆ ಅಲಾಯಿ ಕುಣಿಯನ್ನು ತೋಡಿ, ಬೆಳ್ಳಿಯ ಪಂಜಾಗಳನ್ನು ದೇವರೆಂದೇ ಕರೆದು ಹೊತ್ತು ಕುಣಿಯುವವರಲ್ಲಿ ಲಿಂಗಾಯತರೂ ಬೇಡರೂ ಕುರುಬರೂ ಇರುವುದನ್ನು ಕಂಡ ನಮಗೆ, ಬಂಡೆಯ ಮೇಲಿನ ಹಸ್ತದ ಗುರುತಿಗೆ ಹಿಂದೂ ಗೃಹಿಣಿಯರು ಹರಕೆ ಹೊರುವುದು ಸೋಜಿಗವಾಗಬೇಕಿಲ್ಲ. ದಖ್ಖನಿನ ಸಾಮಾನ್ಯ ಜನಕ್ಕೆ ಫಲ ಕೊಡುವ ದೈವ ಮುಖ್ಯ. ಅದರ ವಂಶಾವಳಿ ಮೌಲವಿಗಳಿಗೂ ಆಚಾರ್ಯರಿಗೂ ಸೇರಿದ ವಿಷಯ. ಕುಷಾಯಿಗೂಡದ ಇನ್ನೊಂದು ಮಗ್ಗುಲಿಗೆ ಹೊರಟ ರಸ್ತೆ ಕೀಸರಗುಟ್ಟಕ್ಕೆ ಹೋಗುತ್ತದೆ. ಅಲ್ಲಿ ರಾಮಲಿಂಗೇಶ್ವರನ ಸನ್ನಿಧಿಯಲ್ಲಿ ಶಿವರಾತ್ರಿಯ ಜಾತ್ರೆ. ಆ ಬೆಟ್ಟದ ಮೇಲೆ ಉತ್ಖನನದಲ್ಲಿ ದೊರೆತ ವಿಷ್ಣುಕುಂಡಿನರ ಕಾಲದ ಇಟ್ಟಿಗೆಯ ಕಟ್ಟಡಗಳು ಹೈದರಾಬಾದಿಗಿಂತ ಸಾವಿರ ವರ್ಷಕ್ಕೂ ಹಳೆಯವು. ಎರಡು ಯಾತ್ರೆಗಳ ದಾರಿಯಲ್ಲಿದ್ದೂ ಕುಷಾಯಿಗೂಡವು ಯಾವುದರ ಹೆಸರನ್ನೂ ಪಡೆಯಲಿಲ್ಲ.

ಮೌಲಾ ಅಲಿಯ ಹರಕೆಗಳಲ್ಲಿ ಒಂದು ಮಾತ್ರ ಸಾಹಿತ್ಯಚರಿತ್ರೆಯೊಳಕ್ಕೆ ಬಂದಿದೆ. ರಾಜ್ ಕುಂವರ್ ಬಾಯಿ ಎಂಬ ನರ್ತಕಿ ಗರ್ಭಿಣಿಯಾಗಿ ಈ ಯಾತ್ರೆಗೆ ಬಂದಾಗ ಗರ್ಭಸ್ರಾವದ ಸೂಚನೆ ಕಂಡು ದಿಗಿಲಾಯಿತೆಂದೂ, ಗುಡ್ಡದ ಸನ್ನಿಧಿಯಿಂದ ತಂದ ದಾರ ಮತ್ತು ಧೂಪದಿಂದ ಶಿಶು ಉಳಿಯಿತೆಂದೂ ಆ ಮನೆತನದವರು ನಂಬಿದ್ದರು. 1768ರಲ್ಲಿ ಜನಿಸಿದ ಆ ಕೂಸೇ ಚಂದಾ ಬೀಬಿ. ನಿಜಾಮನಿಂದ ಪಡೆದ ಬಿರುದಿನಿಂದ ಮಾಹ್ ಲಖಾ ಬಾಯಿ, ಕಾವ್ಯನಾಮದಿಂದ ಚಂದಾ. ಹಾಡು, ನೃತ್ಯಗಳಲ್ಲಿ ನಿಪುಣೆಯಾಗಿದ್ದುದು ವೃತ್ತಿಧರ್ಮ. ಅಷ್ಟಕ್ಕೇ ತೃಪ್ತಳಾಗದೆ ಕುದುರೆ ಸವಾರಿ, ಈಟಿಯ ಪ್ರಯೋಗಗಳನ್ನು ಕಲಿತು, ಪುರುಷವೇಷದಲ್ಲಿ ನಿಜಾಮನ ಮೂರು ದಂಡಯಾತ್ರೆಗಳಲ್ಲಿ ಜೊತೆಗಿದ್ದಳೆಂದು ಹೇಳುತ್ತಾರೆ. ಪುಸ್ತಕಗಳನ್ನು ಕೂಡಿಸಿದಳು, ಕವಿಗಳನ್ನೂ ಚರಿತ್ರಕಾರರನ್ನೂ ಪೋಷಿಸಿದಳು, ಜಹಗೀರುಗಳ ಒಡತಿಯಾದಳು. ಉಸ್ಮಾನಿಯಾ ವಿಶ್ವವಿದ್ಯಾಲಯ ನಿಂತಿರುವ ಅಡಿಕ್‌ಮೆಟ್ಟಿನ ನೆಲ ಅವಳ ಜಹಗೀರಾಗಿತ್ತೆಂಬ ಮಾತೂ ಪ್ರಚಲಿತವಾಗಿದೆ. ಉರ್ದುವಿನಲ್ಲಿ ತನ್ನ ಗಜಲುಗಳನ್ನು ದಿವಾನಾಗಿ ಸಂಕಲಿಸಿದ ಮೊದಮೊದಲ ಸ್ತ್ರೀಯರಲ್ಲಿ ಈಕೆ ಗಣ್ಯಳು. 1798ರಲ್ಲಿ ಸಿದ್ಧವಾದ ಆ ಸಂಕಲನದ ಗಜಲುಗಳು ಐದೈದು ದ್ವಿಪದಿಗಳವು, ಮತ್ತು ಅವುಗಳ ಕೊನೆಯಲ್ಲಿ ಕವಯಿತ್ರಿ ಅಲಿಯವರ ಕೃಪೆಯನ್ನು ಬೇಡುತ್ತಾಳೆ. ಪ್ರೇಮದ ಪದ್ಯವೆಂದು ಓದತೊಡಗಿದ ರಸಿಕನು ಕಡೆಯ ಪಾದಕ್ಕೆ ಬರುವಷ್ಟರಲ್ಲಿ ಗುಡ್ಡದ ಮೆಟ್ಟಿಲ ಬಳಿ ಬಂದು ನಿಂತಿರುತ್ತಾನೆ.

ತಾಯಿ ತೀರಿಕೊಂಡಾಗ ಚಂದಾ ಅವಳನ್ನು ಸಮಾಧಿ ಮಾಡಿದ್ದು ಈ ಗುಡ್ಡದ ಬುಡದಲ್ಲಿಯೇ. 1792ರಲ್ಲಿ ಕಟ್ಟಿಸಿದ ಆ ಉದ್ಯಾನವು ನಾಲ್ಕು ಭಾಗಗಳಾಗಿ ವಿಂಗಡಿಸಿದ ಚಾರ್ ಬಾಗ್ ಕ್ರಮದ್ದು. ಸುತ್ತಲೂ ಎತ್ತರದ ಗೋಡೆ, ಒಳಗೆ ಮಂಟಪ, ಮಸೀದಿ, ಮೆಟ್ಟಿಲು ಬಾವಿ, ನಡುವೆ ಗೋರಿ. 1824ರಲ್ಲಿ ಕಾಲವಾದ ಮಗಳೂ ತಾಯಿಯ ಪಕ್ಕದಲ್ಲಿಯೇ ಮಲಗಿದಳು. ಆಸ್ತಿಯನ್ನು ನಿರ್ಗತಿಕ ಸ್ತ್ರೀಯರಿಗೆ ಬಿಟ್ಟಳೆಂದು ಪ್ರತೀತಿ. ಬಹುಕಾಲ ಹಾಳು ಸುರಿಯುತ್ತಿದ್ದ ಈ ತೋಟವನ್ನು 2010ರ ಸುಮಾರಿಗೆ ಅಮೆರಿಕಾ ಸರ್ಕಾರದ ಧನಸಹಾಯದಿಂದ ಜೀರ್ಣೋದ್ಧಾರ ಮಾಡಿದರು; ಮಣ್ಣು ತುಂಬಿದ್ದ ಬಾವಿ ಕಾಲುವೆಗಳನ್ನು ತೆರವುಗೊಳಿಸಿ, ಗಾರೆಯನ್ನು ಹೊಸದಾಗಿ ಬಳಿದರು. ದಖ್ಖನಿನ ಕವಯಿತ್ರಿಯ ಗೋರಿಗೆ ಸಮುದ್ರದಾಚೆಯವರು ಗಾರೆ ಬಳಿಸಬೇಕಾಗಿ ಬಂದುದನ್ನು ಕುರಿತು ನಾಚಿಕೊಳ್ಳಬೇಕಾದವರು ನಾಚಿಕೊಳ್ಳಲಿ. ಕೆಲಸವಂತೂ ಅಚ್ಚುಕಟ್ಟಾಗಿ ನಡೆದಿದೆ.

ಚಂದಾಳ ಹೆಸರಿನ ಜೊತೆಗೆ ನಮ್ಮ ನಾಡಿನ ಒಂದು ದುರಂತವೂ ತಳಕು ಹಾಕಿಕೊಂಡಿದೆ. 1799ರ ಅಕ್ಟೋಬರಿನಲ್ಲಿ ಮೀರ್ ಆಲಮನ ಮನೆಯಲ್ಲಿ ನಡೆದ ನೃತ್ಯಕೂಟದಲ್ಲಿ ಆಕೆ ತನ್ನ ದಿವಾನಿನ ಹಸ್ತಪ್ರತಿಯನ್ನು ಜಾನ್ ಮಾಲ್ಕಂ ಎಂಬ ಆಂಗ್ಲ ಅಧಿಕಾರಿಗೆ ಕಾಣಿಕೆಯಾಗಿ ಕೊಟ್ಟಳು. ಅದು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಆ ಆತಿಥೇಯನೂ ಆ ಅತಿಥಿಯೂ ಅದೇ ವರ್ಷದ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಮುತ್ತಿಗೆಯ ಸೈನ್ಯದಲ್ಲಿದ್ದವರು: ನಿಜಾಮನ ದಂಡಿಗೆ ಮೀರ್ ಆಲಮನೇ ಮುಖ್ಯಸ್ಥ, ಮಾಲ್ಕಂ ಅವನ ಜೊತೆಗಾರ. ಟಿಪ್ಪು ಮಡಿದು ಐದೇ ತಿಂಗಳಾಗಿತ್ತು. ಮುಂದೆ ನಿಜಾಮನ ದಿವಾನನಾದ ಮೀರ್ ಆಲಮನು, ಶ್ರೀರಂಗಪಟ್ಟಣದ ಕೊಳ್ಳೆಯಲ್ಲಿ ತನ್ನ ಪಾಲಿಗೆ ಬಂದ ಹಣದಿಂದಲೇ ಹೈದರಾಬಾದಿನ ದಕ್ಷಿಣಕ್ಕೆ ಕೆರೆಯೊಂದನ್ನು ಕಟ್ಟಿಸಿದನೆಂಬುದು ಪ್ರಸಿದ್ಧವಾದ ಸಂಗತಿ. ಇಪ್ಪತ್ತೊಂದು ಅರ್ಧವೃತ್ತದ ಕಮಾನುಗಳನ್ನು ಒತ್ತಿ ಬರುವ ನೀರಿಗೆ ಎದೆಗೊಟ್ಟು ನಿಲ್ಲುವಂತೆ ಸಾಲಾಗಿ ಜೋಡಿಸಿದ ಮೀರ್ ಆಲಂ ಕೆರೆಯ ಕಟ್ಟೆ ಅಂದಿಗೂ ಇಂದಿಗೂ ವಾಸ್ತುವಿದ್ಯೆಯ ಒಂದು ವಿಸ್ಮಯ. ಅದರ ನೀರನ್ನೇ ನಗರವು ನೂರಕ್ಕೂ ಹೆಚ್ಚು ವರ್ಷ ಕುಡಿಯಿತು. ಮೃಗಾಲಯವನ್ನು ನೋಡಹೋದ ಮೈಸೂರಿನ ಕಡೆಯ ಮಕ್ಕಳು ಅದರ ಪಕ್ಕದಲ್ಲಿಯೇ ತಮ್ಮೂರಿನ ಹಣ ನೀರಾಗಿ ನಿಂತಿರುವುದನ್ನು ಯಾರೂ ತೋರಿಸಿಕೊಡದೆ ಹಿಂದಿರುಗುತ್ತಾರೆ. ಮೀರ್ ಆಲಮನ ವಂಶಸಂಬಂಧಿಗಳೇ ಆದ ಸಾಲಾರ್ ಜಂಗ್ ಮನೆತನದ ಸಂಗ್ರಹಾಲಯದಲ್ಲಿ, ಫ್ರಾನ್ಸಿನ ಹದಿನಾರನೆಯ ಲೂಯಿ ದೊರೆ ಟಿಪ್ಪುವಿಗೆ ಕಳುಹಿಸಿದುವೆಂದು ಹೇಳಲಾಗುವ ದಂತದ ಕುರ್ಚಿಗಳೂ ಇವೆ.

ಹೀಗೆ ಹುಡುಕುತ್ತ ಹೋದರೆ ಹೈದರಾಬಾದಿನ ಸುತ್ತಮುತ್ತ ಕನ್ನಡದ ಗುರುತುಗಳಿಗೆ ಕೊನೆಯಿಲ್ಲ. ಎಲ್ಲವನ್ನೂ ಇಲ್ಲಿ ತರುವುದು ಉಚಿತವಲ್ಲ. ಪಶ್ಚಿಮದ ಪಟಾನ್‌ಚೆರು ಕಲ್ಯಾಣದ ಚಾಲುಕ್ಯ ಜಯಸಿಂಹನ ನೆಲೆವೀಡಾಗಿದ್ದ ಪೊಟ್ಟಲಕೆರೆ. ಪೂರ್ವದ ಕೊಲನುಪಾಕ ಅದೇ ಚಾಲುಕ್ಯರ ಕೊಲ್ಲಿಪಾಕೆ, ಕನ್ನಡ ಶಾಸನಗಳ ನೆಲೆ. ಕುತುಬ್ ಶಾಹಿಗಳ ಮೂಲಪುರುಷ ಸುಲ್ತಾನ್ ಕುಲಿ ಬೀದರಿನ ಬಹಮನಿಗಳ ಸೇವೆಯಲ್ಲಿ ತೆಲಂಗಾಣದ ಅಧಿಕಾರಿಯಾಗಿ ಬಂದವನಾದ್ದರಿಂದ, ಹೈದರಾಬಾದಿನ ಬಾದಶಾಹಿ ಆಶೂರ್‌ಖಾನಾದ ಬಣ್ಣದ ಹೆಂಚುಗಳನ್ನು ನೋಡಿ ಬೆರಗಾದವನು ಬೀದರಿನ ಮಹಮೂದ್ ಗವಾನನ ಮದರಸದ ಮುರಿದ ಮಿನಾರಿನ ಮುಂದೊಮ್ಮೆ ನಿಲ್ಲತಕ್ಕದ್ದು. ಆ ಮದರಸವು 1472ರದು. ನಿಜಾಮರ ಪುರಾತತ್ತ್ವ ಇಲಾಖೆ 1915ರಲ್ಲಿ ತನ್ನ ಗ್ರಂಥಮಾಲೆಯನ್ನು ಪ್ರಾರಂಭಿಸಿದಾಗ ಮೊದಲನೆಯ ಪುಸ್ತಕವೇ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿದ ಅಶೋಕನ ಶಾಸನವನ್ನು ಕುರಿತದ್ದಾಗಿತ್ತು.

ಮೌಲಾ ಅಲಿಯ ಬಂಡೆಗಳ ವಿಷಯವನ್ನಾದರೂ ಹೇಳದಿರುವಂತಿಲ್ಲ. ಯಾಕೂತನಿಗಿಂತ ಎರಡು ಸಾವಿರ ವರ್ಷ ಮುಂಚೆಯೇ ಇಲ್ಲಿ ಮನುಷ್ಯರು ತಮ್ಮವರನ್ನು ಹೂಳಿ ಮೇಲೆ ಕಲ್ಲುಗಳನ್ನು ಪೇರಿಸಿದ್ದರು. ನಿಜಾಮರ ಕಾಲದಲ್ಲಿ ಅಗೆದಾಗ ಅಂಥ ಸಮಾಧಿಗಳಲ್ಲಿ ಮಡಕೆಗಳೂ ಕಬ್ಬಿಣದ ಆಯುಧಗಳೂ ದೊರೆತುವು. ಕೋಟ್ಯಂತರ ವರ್ಷಗಳ ಬಿಸಿಲುಮಳೆಗೆ ಸಿಪ್ಪೆ ಸಿಪ್ಪೆಯಾಗಿ ಸುಲಿದು ದುಂಡಗಾದ ಈ ಗ್ರಾನೈಟ್ ಗುಡ್ಡೆಗಳು ದೇಗುಲ ದರ್ಗಾಗಳಿಗಿಂತ ಹಿರಿಯ ಸ್ಮಾರಕಗಳೆಂಬ ಅರಿವು ನಗರಕ್ಕೆ ಬಂದದ್ದು ತಡವಾಗಿ, ಕ್ರಷರುಗಳು ಎಷ್ಟೋ ಗುಡ್ಡಗಳನ್ನು ಜಲ್ಲಿ ಮಾಡಿ ಮುಗಿಸಿದ ಮೇಲೆ. ಕಟ್ಟಡಗಳ ಜೊತೆಗೆ ಕೆಲವು ಬಂಡೆಗಳನ್ನೂ ಸರ್ಕಾರಿ ಪಾರಂಪರಿಕ ಪಟ್ಟಿಗೆ ಸೇರಿಸಿದರು. ಅವುಗಳಲ್ಲಿ ಮೌಲಾ ಅಲಿಯ ಬಳಿಯ ಸೆಂಟಿನೆಲ್ ಬಂಡೆ, ಎಂದರೆ ಪಹರೆಯವನಂತೆ ನೆಟ್ಟಗೆ ನಿಂತ ಕಲ್ಲು, ಒಂದಾಗಿದೆ. ಕಲ್ಲನ್ನು ಕಾಯುವುದಕ್ಕೆ ಕಾನೂನು ಬೇಕಾದ ಕಾಲ ನಮ್ಮದು.

1874ರಲ್ಲಿ ಕಲಬುರಗಿ ಸೀಮೆಯ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದದ್ದು ಈ ಭಾಗದ ಅದೃಷ್ಟವನ್ನು ಬದಲಾಯಿಸಿತು. ಯಾಕೂತನು ಕನಸು ಕಂಡ ಲಾಲಾಗೂಡದಲ್ಲಿ ರೈಲ್ವೆಯ ಕಾರ್ಯಾಗಾರ ಎದ್ದಿತು. ಮೌಲಾ ಅಲಿಯೂ ರೈಲಿನವರ ಊರಾಯಿತು. ಅಮೀರರ ತೋಟಗಳು ಒಂದೊಂದಾಗಿ ನಿವೇಶನಗಳಾದವು. ಬೆಂಗಳೂರಿನ ಎಚ್‌ಎಂಟಿ ಹೆಸರಿನ ಬೇರಿಂಗ್ ಕಾರ್ಖಾನೆಯೂ ಇಲ್ಲಿಗೆ ಬಂದು, ನಡೆದು, ಮುಚ್ಚಿತು.

ಗುಡ್ಡದ ಮೆಟ್ಟಿಲುಗಳು ಅಗಲವಾಗಿವೆ, ಎತ್ತರ ಅಸಮವಾಗಿದೆ. ಮಧ್ಯಾಹ್ನದಲ್ಲಿ ಬಂಡೆಯ ಕಾವು ಚಪ್ಪಲಿಯ ಅಟ್ಟೆಯನ್ನೂ ದಾಟಿ ಬರುತ್ತದೆ, ಆದ್ದರಿಂದ ಬೆಳಗಿನ ಹೊತ್ತು ಹತ್ತುವುದೇ ಕ್ಷೇಮ. ಊದಿನ ಹೊಗೆಯಿಂದ ಮಸಿಗಟ್ಟಿದ ಒಳಾಂಗಣದಲ್ಲಿ ಹೂವು ಮತ್ತು ಚಾದರಗಳ ನಡುವೆ ಹಸ್ತದ ಕಲ್ಲಿನ ದರ್ಶನವಾಗುತ್ತದೆ. ಹೊರಗೆ ಬಂದು ನಿಂತರೆ ಒಂದು ಕಡೆ ರೈಲು ಹಳಿಗಳ ಜಾಲ, ಇನ್ನೊಂದು ಕಡೆ ಕುಷಾಯಿಗೂಡ, ಕಾಪ್ರಾ ಕೆರೆ. ಉರುಸಿನ ಕಾಲವನ್ನು ಬಿಟ್ಟು ಉಳಿದ ದಿನಗಳಲ್ಲಿ ಇಲ್ಲಿ ಜನಸಂದಣಿ ವಿರಳ. ಯಾತ್ರೆಯನ್ನು ಯಾತ್ರೆಯಾಗಿಯೇ ಕಾಣಬೇಕೆಂಬವರು ರಜಬ್ ತಿಂಗಳನ್ನು ನೋಡಿಕೊಂಡು ಬರತಕ್ಕದ್ದು. ಚಾಂದ್ರಮಾನದ ಲೆಕ್ಕದಲ್ಲಿ ಅದು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, 1578ರಲ್ಲಿ ಮಳೆಗಾಲದ ಕೊನೆಗೆ ಬಿದ್ದದ್ದು, ಈಚಿನ ವರ್ಷಗಳಲ್ಲಿ ಜನವರಿಗೆ ಬಂದು ನಿಂತಿದೆ. ನಮ್ಮ ಶಾಲೆಗಳ ಮಕ್ಕಳು ಬಸ್ಸುಗಳನ್ನು ತುಂಬಿಕೊಂಡು ಗೋಲ್ಕೊಂಡಕ್ಕೆ ಬರುವ ಕಾಲವೂ ಡಿಸೆಂಬರು ಜನವರಿಗಳೇ ಆದ್ದರಿಂದ, ಉಪಾಧ್ಯಾಯರು ಬಸ್ಸನ್ನು ಗೊತ್ತುಮಾಡುವ ಮುಂಚೆ ಮುಸಲ್ಮಾನ್ ಪಂಚಾಂಗವನ್ನೂ ಒಮ್ಮೆ ತೆರೆದು ನೋಡಬಹುದು. ಇನ್ನು ಕೆಲವೇ ವರ್ಷಗಳಲ್ಲಿ ಉರುಸು ಡಿಸೆಂಬರನ್ನೂ ದಾಟಿ ದೀಪಾವಳಿಯ ಕಡೆಗೆ ಸರಿದುಹೋಗುತ್ತದೆ.